ಮೊಣಕಾಲೆತ್ತರದ ಕಟ್ಟಿಗೆ ಒಟ್ಟು

ಹೋದ ತಿಂಗಳಿಂದ ನಮ್ಮ ಮನೆಗೆ ತೆಂಕು ಬದಿಯಿಂದ ಹೊಗೆ ಬರುತ್ತಿದೆ. ಅಲ್ಲಿ ಯಾರೋ ಸ್ಲ್ಯಾಬ್ ಮನೆ ಕಟ್ಟಿಸುತ್ತಿದ್ದಾರೆ. ಕೆಲಸಕ್ಕೆ ಬಂದವರು ಅಲ್ಲೇ ತಗಡು ಹೊದೆಸಿಕೊಂಡು ಉಳಿದಿದ್ದಾರೆ. ಮೂರು ಕಲ್ಲು ಇಟ್ಟು, ಸೆಂಟ್ರಿಂಗ್ ಹಲಗೆಯ ತುಂಡು ಹಾಕಿ ಅಡುಗೆ ಮಾಡುತ್ತಾರೆ. ಸಿಮೆಂಟು ಮೆತ್ತಿ, ನೀರು ಕುಡಿದ ಹಲಗೆ. ಅದು ಉರಿಯುವುದಿಲ್ಲ, ಅಳುತ್ತದೆ. ಅದರ ಹೊಗೆ ಸುಣ್ಣದ ಘಾಟಿನ ಹಾಗೆ ಬಂದು ಗಂಟಲಲ್ಲಿ ಕೂರುತ್ತದೆ. ಕಿಟಕಿ ಹಾಕಿ ಎಂದು ಸೊಸೆ ಹೇಳುತ್ತಾಳೆ. ನಾನು ಹಾಕಿಲ್ಲ. ಈ ಹೆಬಳೆ ಊರಿಗೆ ನಾನು ಮದುವೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಆ ಜಾಗದಿಂದ ಹೊಗೆ ಏಳುವುದನ್ನು ನೋಡಿದ್ದು ಇದೇ ಮೊದಲು...

ಅಲ್ಲಿ ಮೊದಲು ಹಂಚಿನ ಮನೆ ಇತ್ತು. ಅದರಲ್ಲಿದ್ದವಳನ್ನು ನಾನು ತೆಂಕಮನೆ ಅಕ್ಕ ಎಂದು ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಗಂಡ ಬೇಗ ಹೋಗಿದ್ದ. ಒಬ್ಬನೇ ಮಗ, ಭಟ್ಕಳದಿಂದ ಹೊನ್ನಾವರದವರೆಗೆ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಎರಡು ತುಂಡು ಗದ್ದೆ, ಐದಾರು ತೆಂಗಿನ ಮರ, ಒಂದು ಬಾವಿ. ಇಷ್ಟೇ ಅವಳ ಸಂಸಾರ. ತೆಳ್ಳಗೆ ಉದ್ದಕ್ಕೆ ಇದ್ದಳು. ಮಾತು ಕಡಿಮೆ. ಆಡಿದರೆ ಎದುರಿನವರಿಗೆ ಚುರುಕ್ ಎನ್ನಬೇಕು, ಹಾಗೆ ಆಡುತ್ತಿದ್ದಳು.

ಅವಳ ಅಡುಗೆಮನೆಗೆ ಮೊದಲ ಸಲ ಹೋದಾಗ ನಾನು ಒಲೆ ಹಚ್ಚಿಲ್ಲ ಎಂದುಕೊಂಡೆ. ಗೋಡೆ ಬೆಳ್ಳಗಿತ್ತು. ಮಾಡಿನ ಹಂಚಿಗೆ ಮಸಿ ಕಟ್ಟಿರಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಒಲೆಯ ಬಾಯಲ್ಲಿ ಮೂರೇ ಮೂರು ಸೀಳು, ಹೆಬ್ಬೆರಳಿನಷ್ಟು ದಪ್ಪದವು, ತುದಿ ಮಾತ್ರ ಉರಿಯುತ್ತಿದ್ದವು. ಮೇಲೆ ಗಂಜಿ ಕುದಿಯುತ್ತಿತ್ತು. ಒಲೆಯ ಹಿಂದಿನ ಕಣ್ಣಿನಲ್ಲಿ ಇಟ್ಟ ನೀರು ಅದೇ ಬೆಂಕಿಯಲ್ಲಿ ಕಾದು ಸದ್ದು ಮಾಡುತ್ತಿತ್ತು. ನಮ್ಮ ಮನೆಯಲ್ಲಿ ಅಷ್ಟು ಅಡುಗೆಗೆ ಒಂದು ಹೊರೆ ಕಟ್ಟಿಗೆ ಹೋಗುತ್ತಿತ್ತು. ನಾನು ಅದನ್ನು ಅವಳ ಜಿಪುಣತನ ಎಂದೇ ತಿಳಿದೆ. ಊರಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು. ಬೆಳಿಗ್ಗೆ ಗದ್ದೆಗೆ ಹೋಗುವವರು ಅವಳ ಮಾಡು ನೋಡಿ, ತೆಂಕಮನೆಯಲ್ಲಿ ಇವತ್ತೂ ಒಲೆ ಎದ್ದಿಲ್ಲ ಎಂದು ನಗುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಗೇರುಸೊಪ್ಪೆ ಕಡೆಯಲ್ಲಿ ಹುಟ್ಟಿದವಳು. ನಮ್ಮ ಕಡೆ ಸುತ್ತ ಕಾಡು. ಮನೆ ಹೇಗಿದೆ ಎಂದು ತಿಳಿಯಲು ಯಾರೂ ಕಣಜ ತೆಗೆದು ನೋಡುವುದಿಲ್ಲ, ಹಿತ್ತಲಿಗೆ ಹೋಗಿ ಪೇರಿಸಿಟ್ಟ ಕಟ್ಟಿಗೆ ಒಟ್ಟು ನೋಡುತ್ತಾರೆ. ಮಳೆಗಾಲದ ಮೊದಲ ಮಳೆ, ಮಿರ್ಗದ ಮಳೆ ಬೀಳುವ ಮುಂಚೆ ಒಟ್ಟು ಮಾಡು ಮುಟ್ಟಬೇಕು. ಮುಟ್ಟಿದರೆ ಆ ಮನೆಯಲ್ಲಿ ಗಂಡಾಳು ಇದ್ದಾನೆ, ದುಡಿಯುತ್ತಾನೆ, ಮಳೆಗಾಲ ಉಣ್ಣುತ್ತಾರೆ ಎಂದು ಲೆಕ್ಕ. ಹೆಣ್ಣು ಕೊಡುವವರಂತೂ ಮೊದಲು ನೋಡುವುದೇ ಅದನ್ನು. ನಾನು ಬಂದ ಮನೆಯಲ್ಲಿ ಒಟ್ಟು ಆಳೆತ್ತರ ಇತ್ತು, ಅದಕ್ಕೇ ನನ್ನಪ್ಪ ಒಪ್ಪಿದ್ದು. ಈ ಕಡಲಕರೆಯವರಿಗೆ ಕಟ್ಟಿಗೆ ಎಲ್ಲಿಂದ ಬರಬೇಕು? ಗಾಳಿಮರದ ಒಣಕಡ್ಡಿ ಜಿಗ್ಗು, ತೆಂಗಿನ ಮಡಲು, ಕಾಯಿಸಿಪ್ಪೆ, ಗೆರಟೆ ಚಿಪ್ಪು... ಅಷ್ಟೇ. ಅದರಲ್ಲೇ ಅವರು ಬದುಕು ಮಾಡುತ್ತಾರೆ. ಇದು ನಮ್ಮ ಗೇರುಸೊಪ್ಪೆಯವರ ತಲೆಗೆ ಹೋಗುವುದಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ.

ಒಂದು ವರ್ಷ ನನ್ನ ಅಣ್ಣ ತೋಟದ ಬೇಲಿಯ ಮತ್ತಿ ಮರ ಕಡಿಸಿ, ನನಗೆ ಒಂದು ಲೋಡು ಕಟ್ಟಿಗೆ ಕಳಿಸಿದ. ತಂದವನು ತೆಂಕಮನೆ ಅಕ್ಕನ ಮಗ, ತನ್ನ ಟೆಂಪೋದಲ್ಲಿ. ಅಲ್ಲಿ ಲೋಡು ಮಾಡುವಾಗ ಅವನ ನಡತೆ ನನ್ನ ಅಣ್ಣನಿಗೆ ಹಿಡಿಸಿತು. ಬೀಡಿ ಇಲ್ಲ, ಕುಡಿತ ಇಲ್ಲ, ತಲೆ ತಗ್ಗಿಸಿ ಕೆಲಸ. ಅಣ್ಣನಿಗೆ ಮದುವೆಗೆ ಬಂದ ಮಗಳಿದ್ದಳು. ನಾನು ಸೇತುವೆಯಾದೆ. ಮಾತು ಮುಂದೆ ಹೋಯಿತು.

ತೆಂಕಮನೆ ಅಕ್ಕನಿಗೆ ಆ ನೆಂಟಸ್ತಿಕೆ ಎಷ್ಟು ಬೇಕಿತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮಗನಿಗೆ ಮೂವತ್ತು ದಾಟಿತ್ತು. ಎರಡು ಕಡೆ ಮಾತಾಗಿ ಮುರಿದಿತ್ತು. ಬಾವಿಕಟ್ಟೆಯಲ್ಲಿ ಒಂದು ದಿನ ಕೊಡ ಇಳಿಸಿ ನಿಂತು ಹೇಳಿದ್ದಳು.

“ಈ ಸಲವೂ ತಪ್ಪಿದ್ರೆ ನಾನು ಮತ್ತೆ ಯಾರ ಮನೆ ಬಾಗ್ಲಿಗೂ ಕೇಳುಕೆ ಹೋಗುದಿಲ್ಲ ತಂಗಿ. ಅವ್ನ ಹಣೆಲಿ ಇದ್ದಂಗೆ ಆಗ್ಲಿ.”

ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಅಣ್ಣ, ಅತ್ತಿಗೆ ಮನೆ ನೋಡಲು ಬರುವ ದಿನ ಗೊತ್ತಾಯಿತು. ಮಿರ್ಗಕ್ಕೆ ಹತ್ತು ದಿನ ಮುಂಚೆ. ನಾನು ಹಿಂದಿನ ದಿನ ಅವಳ ಹಿತ್ತಲಿಗೆ ಹೋಗಿ ನೋಡಿದರೆ, ಒಟ್ಟು ಮೊಣಕಾಲೆತ್ತರ! ಕಲ್ಲಿನ ಮೇಲೆ ಎತ್ತರಿಸಿ, ಸೀಳುಗಳ ನಡುವೆ ಗಾಳಿ ಆಡಲು ಸಂದು ಬಿಟ್ಟು, ಮೇಲೆ ಮಡಲ ತಟ್ಟಿ ಮುಚ್ಚಿ ಚೆಂದ ಮಾಡಿದ್ದಳು. ಆದರೆ ಮೊಣಕಾಲೆತ್ತರ. ಅಣ್ಣ ಅದನ್ನು ನೋಡಿದ ಕೂಡಲೇ ತಿರುಗಿ ಹೋಗುತ್ತಾನೆ ಎಂದು ಹೆದರಿದೆ. ಅವಳು ಗದ್ದೆಗೆ ಹೋದ ಹೊತ್ತಿನಲ್ಲಿ ನಾನು ನಮ್ಮ ಒಟ್ಟಿನಿಂದ ಮತ್ತಿ ಕಟ್ಟಿಗೆ ಹೊತ್ತು ಹೊತ್ತು ಬೇಲಿ ದಾಟಿಸಿ, ಅವಳ ಒಟ್ಟಿನ ಮುಂದೆ ಎದೆಯೆತ್ತರ ಪೇರಿಸಿಟ್ಟೆ. ಸೊಂಟ ಬಿದ್ದು ಹೋಗಿತ್ತು. ಉಪಕಾರ ಮಾಡಿದೆ ಎಂದು ಮನೆಗೆ ಬಂದು ಕೂತೆ.

ಸಂಜೆ ಧಡ್ ಧಡ್ ಎಂದು ಸದ್ದು. ಹೊರಗೆ ಬಂದು ನೋಡಿದರೆ ಅವಳು ನನ್ನ ಕಟ್ಟಿಗೆಯನ್ನು ಒಂದೊಂದಾಗಿ ಬೇಲಿಯಿಂದ ಈಚೆ ಎಸೆಯುತ್ತಿದ್ದಾಳೆ. ಎಲ್ಲ ಎಸೆದು ಮುಗಿಸಿ, ಕೊನೆಯ ಎರಡು ತುಂಡನ್ನು ಒಂದಕ್ಕೊಂದು ಬಡಿದು ತೋರಿಸಿದಳು. ಥಪ್ ಎಂದಿತು.

“ಕೇಳ್ತಾ? ಹಸಿ. ಒಣಗಿದ್ದಾದ್ರೆ ಟಣ್ ಅಂತದೆ. ಒಟ್ಟು ನೋಡಿ ಹೆಣ್ಣು ಕೊಡುವವ್ರು, ಒಟ್ಟು ಕರಗಿದ ಮೇಲೆ ಎಂತ ಮಾಡ್ತ್ರು? ನಿಂಗೆ ಕಟ್ಟಿಗೆಯೇ ಗೊತ್ತಾಗುದಿಲ್ಲ, ಮನುಷ್ಯರು ಎಲ್ಲಿ ಗೊತ್ತಾಗ್ತ್ರು.”

ನಮ್ಮ ಜಗಲಿಯಲ್ಲಿ ಕೂತಿದ್ದ ನನ್ನ ಅತ್ತೆ ಗೊಳ್ಳೆಂದು ನಕ್ಕರು. ಅತ್ತೆಯ ಎದುರು ಆ ಮಾತು ಬಂತಲ್ಲ, ಅದು ನನಗೆ ನಾಟಿತು. ಇಡೀ ದಿನ ಹೊತ್ತ ಹೊರೆಗಿಂತ ಅದು ಭಾರವಾಯಿತು.

ಮಾರನೆಯ ದಿನ ಅಣ್ಣ, ಅತ್ತಿಗೆ ಬಂದರು. ಕೈಕಾಲು ತೊಳೆಯುವ ನೆವದಲ್ಲಿ ಇಬ್ಬರೂ ಮೊದಲು ಹಿತ್ತಲಿಗೇ ಹೋದರು. ಬರುವಾಗ ಅಣ್ಣನ ಮುಖ ಸಣ್ಣದಾಗಿತ್ತು. ಒಳಗೆ ತೆಂಕಮನೆ ಅಕ್ಕ ಕಾಯಿ ಹಾಕಿದ ಅವಲಕ್ಕಿ, ಬಾಳೆಹಣ್ಣು, ಚಾ ಕೊಟ್ಟಳು. ಮಗ ಒಗೆದ ಅಂಗಿ ಹಾಕಿ ಕಂಬಕ್ಕೆ ಒರಗಿ ನಿಂತಿದ್ದ. ಅತ್ತಿಗೆ ನನ್ನ ಕಿವಿಯಲ್ಲಿ, ಚಾ ನಿಮ್ಮನೆಯಿಂದ ಕಳಿಸಿದ್ದಾ ಎಂದು ಕೇಳಿದಳು. ಹೊಗೆ ಇಲ್ಲ, ಸದ್ದಿಲ್ಲ, ಚಾ ಮಾತ್ರ ಕುದಿಕುದಿ ಬಂದಿದೆ. ಅದು ಅವಳಿಗೆ ಮಾಟದ ಹಾಗೆ ಕಂಡಿರಬೇಕು. ನಾನು ನೋಡಿಯೂ ನೋಡದವಳ ಹಾಗೆ ಬಾಳೆಹಣ್ಣು ಸುಲಿದೆ.

ಬಸ್ಸಿಗೆ ಬಿಡಲು ನಾನೇ ರಸ್ತೆಯವರೆಗೆ ಹೋದೆ. ಅಲ್ಲಿ ಅಣ್ಣ ಕೇಳಿದ.

“ನೀನು ಪಕ್ಕದಲ್ಲೇ ಇದ್ದವ್ಳು. ಖರೆ ಹೇಳು. ಆ ಮನೆಲಿ ಎರಡು ಹೊತ್ತು ಒಲೆ ಉರಿತದಾ?”

ಉರಿಯುತ್ತದೆ ಎಂದಿದ್ದರೆ ಮುಗಿದಿತ್ತು. ಒಂದು ಹೊತ್ತೂ ತಪ್ಪದೆ ಉರಿಯುತ್ತದೆ, ನಮ್ಮ ಮನೆಗಿಂತ ಬೇಗ ಅನ್ನ ಆಗುತ್ತದೆ, ನಾನೇ ಉಂಡಿದ್ದೇನೆ... ಇಷ್ಟು ಹೇಳಬೇಕಿತ್ತು. ಅಣ್ಣ ನನ್ನ ಮಾತು ತೆಗೆದುಹಾಕುವವನಲ್ಲ. ಆದರೆ ಹಿಂದಿನ ಸಂಜೆಯ ಮುಳ್ಳು ಒಳಗೇ ಇತ್ತು.

“ನಂಗೆಂತ ಗೊತ್ತು” ಎಂದೆ. “ನಾನೇನು ಅವ್ರ ಒಲೆ ಕಾಯ್ತಾ ಕೂತಿದ್ನಾ?”

ಅಷ್ಟೇ. ಬಸ್ಸು ಬಂತು, ಹತ್ತಿ ಹೋದರು. ಒಂದು ವಾರಕ್ಕೆ ಜಾತಕ ಕೂಡುವುದಿಲ್ಲ ಎಂದು ಹೇಳಿಕಳಿಸಿದರು. ನಾನು ಅದನ್ನು ತೆಂಕಮನೆ ಅಕ್ಕನಿಗೆ ಮುಟ್ಟಿಸಿದೆ. ಜಾತಕ ಅಂದ್ರಾ ಎಂದು ಒಂದು ಸಲ ಕೇಳಿದಳು, ಹೌದು ಎಂದೆ. ತಲೆ ಆಡಿಸಿ ಕೊಡ ಎತ್ತಿಕೊಂಡು ಹೋದಳು. ಅತ್ತಿಗೆ ಮರೆತು ಬಿಟ್ಟು ಹೋಗಿದ್ದ ಕೊಡೆ ಅವರು ಬಂದು ಹೋದ ಮಾರನೆಯ ಬೆಳಿಗ್ಗೆಯೇ ನಮ್ಮ ಜಗಲಿಯ ಗಳದಲ್ಲಿ ನೇತಾಡುತ್ತಿತ್ತು. ಯಾರು ತಂದಿಟ್ಟರು ಎಂದು ನಾನು ಯೋಚಿಸಲೂ ಇಲ್ಲ.

ಮಳೆ ಹಿಡಿಯಿತು. ಆ ವರ್ಷ ಬಿಡದೆ ಹೊಡೆಯಿತು. ನನ್ನ ಆಳೆತ್ತರದ ಮತ್ತಿ ಒಟ್ಟು ಒಳಗೇ ಹಸಿ, ಹೊರಗೆ ಹಂಚಿನ ನೀರು ಬಿದ್ದು ಇನ್ನೂ ಹಸಿ. ನೆಲಕ್ಕೇ ಇಟ್ಟಿದ್ದೆ, ಅಡಿಯಿಂದಲೂ ನೀರು ಏರಿತು. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬರುತ್ತಿತ್ತು. ಸೀಮೆಎಣ್ಣೆ ಸುರಿದೆ, ಊದಿದೆ, ಕಣ್ಣು ಕೆಂಪಾಯಿತು. ಮನೆ ತುಂಬ ಹೊಗೆ. ನನ್ನ ಅತ್ತೆಗೆ ದಮ್ಮು ಇತ್ತು. ಮೂರು ದಿನ ಕೆಮ್ಮಿದರು, ನಾಲ್ಕನೆಯ ದಿನ ಬೆಳಿಗ್ಗೆ ಕೆಮ್ಮಲೂ ಉಸಿರಿಲ್ಲದೆ ಗೋಡೆ ಹಿಡಿದು ಕೂತರು. ಬಿಸಿನೀರು ಬೇಕು, ಗಂಜಿ ಬೇಕು, ಅದಕ್ಕೆ ಒಲೆ ಬೇಕು, ಒಲೆ ಹಚ್ಚಿದರೆ ಅತ್ತೆ ಹೋಗುತ್ತಾರೆ. ನನ್ನ ಗಂಡ ರಿಕ್ಷಾ ತರಲು ಮಳೆಯಲ್ಲೇ ಓಡಿದ್ದರು.

ಆಗ ತೆಂಕಮನೆ ಅಕ್ಕ ಬಂದಳು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕಂಕುಳಲ್ಲಿ ಒಂದು ಬುಟ್ಟಿ. ನನ್ನನ್ನು ಮಾತಾಡಿಸಲಿಲ್ಲ. ಮೊದಲು ಒಲೆಯಲ್ಲಿದ್ದ ಕಟ್ಟಿಗೆಯನ್ನೆಲ್ಲ ಎಳೆದು ಅಂಗಳಕ್ಕೆ ಬಿಸಾಡಿದಳು. ಬಾಗಿಲು, ಕಿಟಕಿ ತೆರೆದಳು. ಬೂದಿ ಬಳಿದು ತೆಗೆದು, ಎರಡು ಬೆರಳಿನಷ್ಟು ಮಾತ್ರ ತಳದಲ್ಲಿ ಬಿಟ್ಟಳು. ಪೂರ್ತಿ ತೆಗೆದರೆ ನೆಲ ಬೆಂಕಿಯ ಬಿಸಿ ಕುಡಿಯುತ್ತದಂತೆ, ಪೂರ್ತಿ ಬಿಟ್ಟರೆ ಗಾಳಿಗೆ ದಾರಿ ಇಲ್ಲವಂತೆ. ಬುಟ್ಟಿಯಿಂದ ತೆಂಗಿನ ಸಿಪ್ಪೆಯ ನಾರು ಬಿಡಿಸಿ ಗುಬ್ಬಿ ಗೂಡಿನ ಹಾಗೆ ಮಾಡಿದಳು. ಅದರ ಮೇಲೆ ಜಿಗ್ಗು, ಅಡ್ಡ ಉದ್ದ, ಸಂದು ಬಿಟ್ಟು. ಒಂದು ಗೆರಟೆ ಚೂರು. ಅದರ ಮೇಲೆ ಸೀಳು ಮೂರು. ಒಂದೇ ಕಡ್ಡಿ ಗೀರಿದಳು. ಊದಲಿಲ್ಲ. ಕೈ ಕಟ್ಟಿ ಕೂತಳು. ಬೆಂಕಿ ತಾನೇ ಎದ್ದಿತು, ಯಾರೋ ಕರೆದದ್ದಕ್ಕೆ ಬಂದ ಹಾಗೆ.

ಗಂಜಿಯ ಪಾತ್ರೆ ಇಟ್ಟು ಮುಚ್ಚಳ ಹಾಕಿದಳು. ನಾನು ಬುಟ್ಟಿಯಿಂದ ಇನ್ನೂ ನಾಲ್ಕು ಸೀಳು ತೆಗೆದು ಒಳಗೆ ತುರುಕಲು ಹೋದೆ. ಕೈ ಮೇಲೆ ಹೊಡೆದಳು.

“ಹತ್ತು ಜನ ಒಂದೇ ಬಾಗ್ಲಲ್ಲಿ ನುಗ್ಗಿದ್ರೆ ಒಬ್ರಾದ್ರು ಒಳಗೆ ಹೋತ್ರಾ? ಗಾಳಿಗೂ ಜಾಗ ಬೇಕು ಮಾರಾಯ್ತಿ. ಮೂರು ಸಾಕು. ತುದಿ ಉರ್ದಂಗೆ ಮುಂದೆ ತಳ್ಳು.”

ಒಲೆಯ ಎದುರು ಇಬ್ಬರೂ ಕೂತೆವು. ಮನೆಯೊಳಗಿನ ಹೊಗೆ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗಿ, ಒಳಗೆ ಅತ್ತೆಯ ಉಸಿರು ಕೇಳಿಸತೊಡಗಿತು. ಮೊದಲು ಸೀಟಿಯ ಹಾಗೆ, ಆಮೇಲೆ ಬರೀ ಉಸಿರಿನ ಹಾಗೆ. ನನಗೆ ತಡೆಯಲಾಗಲಿಲ್ಲ. ಜಾತಕ ಅಲ್ಲ, ಅಣ್ಣ ಕೇಳಿದಾಗ ನಾನು ಹೀಗೆ ಹೇಳಿದೆ, ಅದಕ್ಕೆ ಮುರಿಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ನನ್ನ ಕಡೆ ತಿರುಗಲಿಲ್ಲ.

“ಗೊತ್ತು. ನಿನ್ನ ಅತ್ತಿಗೆ ಕೊಡೆ ಬಿಟ್ಟು ಹೋಗಿದ್ಳು. ಕೊಡುಕೆ ಅಂತ ನಿಮ್ಮ ಬೆನ್ನಿಗೇ ಬಂದಿದ್ದೆ. ರಸ್ತೆ ಬದಿ ಬೇಲಿ ಸಂದಿಲಿ ನಿಂತು ಕೇಳ್ದೆ, ತಿರುಗಿ ಹೋದೆ.”

ಕೇಳಿಯೂ ಜಾತಕದ ಸುಳ್ಳಿಗೆ ತಲೆ ಆಡಿಸಿದ್ದಳು. ಕೇಳಿಯೂ ಈಗ ಬಂದಿದ್ದಾಳೆ. ಮತ್ತೆ ಯಾಕೆ ಬಂದಿ ಎಂದು ಕೇಳಿದೆ.

“ಕೆಮ್ಮುದು ನಿನ್ನ ಅತ್ತೆ ಅಲ್ದ? ನೀನಾಗಿದ್ರೆ ಬತ್ತಿರ್ಲಿಲ್ಲ” ಎಂದಳು. ಒಲೆಯ ಕಡೆ ಬಗ್ಗಿ, “ಆ ಕೊಳ್ಳಿ ಹಿಂದೆ ಎಳೆ. ಉರಿ ಪಾತ್ರೆ ದಾಟಿ ಹೋತಾ ಅದೆ. ಪಾತ್ರೆ ದಾಟಿದ ಬೆಂಕಿ ಯಾರ ಅನ್ನ ಬೇಯಿಸ್ತದೆ?” ಎಂದಳು.

ನಾನು ಕೊಳ್ಳಿ ಹಿಂದೆ ಎಳೆದೆ.

ಆ ಮಳೆಗಾಲ ಪೂರ್ತಿ ಅವಳ ಮೊಣಕಾಲೆತ್ತರದ ಒಟ್ಟಿನಿಂದ ಎರಡು ಮನೆಯ ಒಲೆ ಉರಿದವು. ನಂಬುವವರು ನಂಬಲಿ. ಅವಳು ನನಗೆ ಕಲಿಸಿದ್ದು ಬೈಗುಳದಲ್ಲೇ. ಗಂಜಿ ಕುದಿ ಬಂದ ಕೂಡಲೇ ಕೊಳ್ಳಿ ಹೊರಗೆ ಎಳೆಯಬೇಕು, ಮುಚ್ಚಳ ಹಾಕಿದರೆ ಉಳಿದದ್ದನ್ನು ಕೆಂಡವೇ ಬೇಯಿಸುತ್ತದೆ. ಎಳೆದ ಕೊಳ್ಳಿಗೆ ನೀರು ಚಿಮುಕಿಸಬಾರದು. ನಾನು ಹುಟ್ಟಿದಾಗಿನಿಂದ ಚಿಮುಕಿಸಿಕೊಂಡೇ ಬಂದವಳು. ಇವತ್ತು ನೀರು ಹಾಕಿದ ಕೊಳ್ಳಿ ನಾಳೆ ಹೊಗೆ ಕಾರುತ್ತದೆ, ಮರಳಿನಲ್ಲಿ ಚುಚ್ಚಿಡು ಎಂದಳು. ನಾಳೆಯ ಸೀಳು ಇವತ್ತೇ ಒಲೆಯ ಮೇಲಿನ ಅಟ್ಟಕ್ಕೆ ಹೋಗಬೇಕು. ಅಕ್ಕಿ, ಬೇಳೆ ಮೊದಲೇ ನೆನೆಯಬೇಕು. ನನ್ನ ಒಲೆಯ ಬಾಯಿ ಅವಳಿಗೆ ಬಾವಿಯ ಹಾಗೆ ಕಂಡಿತು. ಜೇಡಿಮಣ್ಣಿಗೆ ಉಮಿ, ಸಗಣಿ ಕಲಸಿ ತಂದು ಅರ್ಧ ಮುಚ್ಚಿದಳು. ಪಾತ್ರೆ ಕೂರಲು ಮೂರು ಮಣ್ಣಿನ ಗುಬ್ಬ ಇಟ್ಟು, ಪಾತ್ರೆಯ ಸುತ್ತ ಒಂದು ಬೆರಳು ಹೋಗುವಷ್ಟು ಸಂದು ಬಿಟ್ಟು ಉಳಿದದ್ದು ಮೆತ್ತಿದಳು. ನನ್ನ ಬೆರಳಲ್ಲ, ಅವಳ ಬೆರಳು. ನನ್ನದು ದಪ್ಪವಂತೆ.

ಮತ್ತಿ ಕಟ್ಟಿಗೆ ಮಾತ್ರ ಮುಟ್ಟಬೇಡ ಎಂದಳು. ಮಳೆ ಬಿಟ್ಟ ಮೇಲೆ ಅವಳ ಮಗನೇ ಬಂದು ಸೀಳಿ, ಕಲ್ಲಿನ ಮೇಲೆ ಒಟ್ಟಿಕೊಟ್ಟ. ನನ್ನ ಮುಖ ನೋಡಿ ಎಂದಿನ ಹಾಗೇ ನಕ್ಕ. ಅವನಿಗೆ ಅವಳು ಹೇಳಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಮಳೆಯ ನಡುವೆಯೇ, ಅತ್ತೆ ಎದ್ದು ಓಡಾಡುವಂತಾದ ಮೇಲೆ, ಚೌತಿಗೆ ಮುಂಚೆ ನಾನು ಗೇರುಸೊಪ್ಪೆಗೆ ಹೋದೆ. ಅಣ್ಣನ ಎದುರು ಕೂತು ಎಲ್ಲ ಹೇಳಿದೆ. ಅವನು ಎಲೆ ಮಡಿಸುತ್ತಾ ಕೇಳಿದ. ತಡವಾಯಿತು ಎಂದ. ಕುಮಟೆ ಕಡೆಯ ಒಂದು ಮನೆಗೆ ವೀಳ್ಯ ಕೊಟ್ಟು ಮದುವೆ ಗೊತ್ತಾಗಿತ್ತು. ಹನ್ನೆರಡು ಜನರ ಮನೆ, ಹಿತ್ತಲಿನಲ್ಲಿ ಮಾಡು ಮುಟ್ಟುವ ಒಟ್ಟು, ಅಣ್ಣ ಕಣ್ಣಾರೆ ನೋಡಿ ಬಂದಿದ್ದ. ಅದನ್ನು ಹೇಳುವಾಗ ಅವನ ಮುಖ ಬೆಳಗಿತು. ಅವನನ್ನು ನಾನು ಹೇಗೆ ಬೈಯಲಿ? ಅವನು ನೋಡಬೇಕಾದದ್ದನ್ನೇ ನೋಡಿದ್ದ. ಹೇಳಬೇಕಾದವಳು ನಾನು.

ಹಿಂದಿರುಗಿ ಬಂದು ತೆಂಕಮನೆ ಅಕ್ಕನಿಗೆ ಹೇಳಿದೆ. “ಹೋಗಿದ್ಯಾ?” ಎಂದಳು. ಅವತ್ತು ಮಧ್ಯಾಹ್ನ ಅವಳ ಮನೆಯಲ್ಲೇ ಬಡಿಸಿದಳು.

ಅವಳ ಮಗನಿಗೆ ಆಮೇಲೆ ಆರು ವರ್ಷಕ್ಕೆ ತೆಂಗಿನಗುಂಡಿ ಕಡೆಯ ಹೆಣ್ಣು ಸಿಕ್ಕಿತು. ಒಳ್ಳೆಯ ಹುಡುಗಿ. ಆದರೆ ಆ ಆರು ವರ್ಷ ಅವಳು ಬಾಯಿಬಿಟ್ಟು ಎಲ್ಲಿಯೂ ಕೇಳಲಿಲ್ಲ, ಹೇಳಿದ ಹಾಗೆಯೇ ಇದ್ದಳು. ಮೊಮ್ಮಗುವನ್ನು ಎತ್ತಿ ಆಡಿಸುವ ಹೊತ್ತಿಗೆ ಅವಳ ಕೈ ನಡುಗಲು ಹಿಡಿದಿತ್ತು. ಗ್ಯಾಸ್ ಬಂದ ಮೇಲೂ ಗಂಜಿ ಒಲೆಯಲ್ಲೇ ಮಾಡುತ್ತಿದ್ದಳು. ಗ್ಯಾಸಿನ ಮೇಲೆ ದ್ವೇಷ ಇರಲಿಲ್ಲ, ಅದರ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಕಾಣುವುದಿಲ್ಲವಲ್ಲ ಎಂದು ತಕರಾರು. ಒಂದು ಬೇಸಿಗೆಯಲ್ಲಿ ಎರಡು ದಿನ ಜ್ವರ ಬಂದು ಹೋದಳು. ಮಗ ಹೆಂಡತಿ ಮಕ್ಕಳೊಂದಿಗೆ ಹೊನ್ನಾವರಕ್ಕೆ ಹೋದ. ಜಾಗ ಮಾರಿದ. ಹಂಚು ಇಳಿಸುವಾಗ ನಾನು ನಿಂತು ನೋಡಿದೆ. ಅಡುಗೆಮನೆಯ ಹಂಚು ಉಳಿದ ಕಡೆಯ ಹಂಚಿನಷ್ಟೇ ಕೆಂಪಗಿತ್ತು...

ಅವಳು ಸತ್ತದ್ದಕ್ಕೆ ನಾನು ಬಹಳ ಅಳಲಿಲ್ಲ. ವಯಸ್ಸಾಗಿತ್ತು. ನನ್ನನ್ನು ಕಾಡಿದ್ದು ಬೇರೆ.

ಮೊನ್ನೆ ಅಣ್ಣನ ಮಗಳು ಬಂದಿದ್ದಳು. ಮಂಗಳೂರಿನಲ್ಲಿ ಎದೆಯ ಡಾಕ್ಟರಿಗೆ ತೋರಿಸಿಕೊಂಡು ಕುಮಟೆಗೆ ಹೋಗುವ ದಾರಿಯಲ್ಲಿ ಒಂದು ದಿನ ಇಳಿದಳು. ಐವತ್ತು ದಾಟಿದೆ ಅಷ್ಟೇ, ನಮ್ಮ ಅಂಗಳದ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತಳು. ಗಂಡ ಒಳ್ಳೆಯವನೇ, ಮನೆಯಲ್ಲಿ ಉಣ್ಣಲು ಉಡಲು ಕೊರತೆ ಇಲ್ಲ. ಹನ್ನೆರಡು ಜನರಿಗೆ ಇಪ್ಪತ್ತು ವರ್ಷ ಆ ದೊಡ್ಡ ಒಲೆಯ ಎದುರು ಕೂತಳು. ಮಾಡು ಮುಟ್ಟುವ ಒಟ್ಟು ಇದ್ದವರು ಸಣ್ಣ ಸೀಳು ಮಾಡುವುದಿಲ್ಲ, ದಿಮ್ಮಿಯನ್ನೇ ತಳ್ಳುತ್ತಾರೆ. ಗ್ಯಾಸ್ ಬರುವ ಹೊತ್ತಿಗೆ ಎದೆ ಕಟ್ಟಿಹೋಗಿತ್ತು. ಡಾಕ್ಟರು ಬೀಡಿ ಸೇದ್ತೀರಾ ಎಂದು ಕೇಳಿದರಂತೆ. ಹೇಳಿ ನಕ್ಕಳು. ನಗು ಕೆಮ್ಮಾಯಿತು.

ಊಟ ಆದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ. ನಿನ್ನನ್ನು ಕೇಳಿದ ಮನೆ ಒಂದಿತ್ತು, ಇಗೋ ಇಲ್ಲೇ, ನಿನ್ನಪ್ಪ ನನ್ನನ್ನು ಕೇಳಿದ, ನಾನು ಹೀಗೆ ಹೇಳಿದೆ. ಕಟ್ಟಿಗೆ ಬೇಲಿಯಿಂದ ಎಸೆದದ್ದು, ಚಾ, ಕೊಡೆ, ಎಲ್ಲ ಹೇಳಿದೆ. ಸೆರಗಿನ ಅಂಚು ಮಡಿಸುತ್ತಾ ಕೇಳಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ.

“ಅವ್ರ ಮನೆಲಿ ಹೊಗೆ ಇರ್ಲೇ ಇಲ್ವ ಅತ್ತೆ?” ಎಂದು ಕೇಳಿದಳು.

“ಇರ್ಲಿಲ್ಲ.”

“ಒಂಚೂರೂ?”

ಸುಳ್ಳು ಹೇಳಬಹುದಿತ್ತು. ಯಾವ ಮನೆಯಲ್ಲಿ ಹೊಗೆ ಇರುವುದಿಲ್ಲ ಮಗಾ ಎಂದರೆ ಅವಳಿಗೂ ಹಗುರ, ನನಗೂ ಹಗುರ. ಆದರೆ ಆ ಒಲೆಯ ಬಗ್ಗೆ ನಾನು ಒಂದು ಸಲ ತಪ್ಪು ಮಾತು ಹೇಳಿದವಳು.

“ಒಂಚೂರೂ ಇರ್ಲಿಲ್ಲ” ಎಂದೆ.

“ಆತು” ಎಂದಳು. ಚೀಲದಿಂದ ಔಷಧದ ಪಂಪು ತೆಗೆದು, ಅಲ್ಲಾಡಿಸಿ, ಬಾಯಿಗೆ ಹಿಡಿದು ಎಳೆದಳು. ಉಸಿರು ಒಳಗೆ ಹೋಗಲಿ ಎಂದು ಕಣ್ಣು ಮುಚ್ಚಿ ಕೂತಳು. ನಾನೂ ಪಕ್ಕದಲ್ಲಿ ಕೂತೆ.